ಹಿಮದ ಕರಡಿಗೆ ಗಜೇಂದ್ರಗಡದ ಕ್ಲಾರಿನೆಟ್

ಆ ಕಂಪ್ಯೂಟರು ನಮ್ಮ ಮನೆಗೆ ಬಂದದ್ದು ಟಂಟಂ ಆಟೋದಲ್ಲಿ, ಎರಡು ಈರುಳ್ಳಿ ಚೀಲಗಳ ನಡುವೆ ಕೂತು. ರೋಣದಲ್ಲಿ ಟೈಪಿಂಗ್ ಕ್ಲಾಸು ನಡೆಸುತ್ತಿದ್ದ ನನ್ನ ಸೋದರಮಾವ ಅದನ್ನು ಮುಚ್ಚಿ ಝೆರಾಕ್ಸ್ ಅಂಗಡಿ ಇಟ್ಟಿದ್ದರು. ಇದ್ದ ಮೂರು ಕಂಪ್ಯೂಟರುಗಳಲ್ಲಿ ಅತಿ ಹಳೆಯದನ್ನು ನನಗೆ ಕಳಿಸಿದರು. ನಾನಾಗ ಸೂಡಿಯ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಗಜೇಂದ್ರಗಡದಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಮನೆಯಲ್ಲಿ ಅವ್ವ ಮತ್ತು ನಾನು ಇಬ್ಬರೇ.

"ಟೀವಿ ಇರೂದು ಸಾಲದಂತ ಇನ್ನೊಂದು ತಂದಿಯೇನವಾ?" ಎಂದು ಅವ್ವ ಕೇಳಿದಳು. ಎರಡು ವಾರದ ನಂತರ ಅದು ಟೀವಿಯಷ್ಟೂ ಉಪಯೋಗವಿಲ್ಲದ ವಸ್ತುವಾಯಿತು. ಅದರೊಳಗೆ ಸೇರಿಕೊಂಡಿದ್ದ ವೈರಸ್ಸುಗಳ ಕಾಟದಿಂದ ಚಾಲೂ ಆದರೆ ನಿಲ್ಲುತ್ತಿರಲಿಲ್ಲ, ನಿಂತರೆ ಚಾಲೂ ಆಗುತ್ತಿರಲಿಲ್ಲ.

ಹುಬ್ಬಳ್ಳಿ ಬಸ್‌ಸ್ಟ್ಯಾಂಡಿನ ಪುಸ್ತಕದ ಅಂಗಡಿಯಲ್ಲಿ ಆಗ ಇಂಗ್ಲಿಷಿನ ಕಂಪ್ಯೂಟರ್ ಮಾಸಿಕಗಳು ಸಿಗುತ್ತಿದ್ದವು, ಪ್ರತಿಯೊಂದಕ್ಕೂ ಒಂದು ಸಿಡಿ ಅಂಟಿಸಿರುತ್ತಿದ್ದರು. ಒಂದು ತಿಂಗಳ ಸಿಡಿಯಲ್ಲಿ ಲಿನಕ್ಸ್ ಇತ್ತು. ಊರೂರಿನ, ದೇಶದೇಶದ ಜನ ಕೂಡಿ ಬರೆದು ಯಾರು ಬೇಕಾದರೂ ಬಳಸಿಕೊಳ್ಳಲಿ ಎಂದು ಬಿಟ್ಟುಕೊಟ್ಟ ವ್ಯವಸ್ಥೆ ಅದು ಎಂದು ಮಾಸಿಕದಲ್ಲಿ ಓದಿದೆ. ಕೆಟ್ಟದ್ದನ್ನು ಇನ್ನೆಷ್ಟು ಕೆಡಿಸಲು ಸಾಧ್ಯ ಎಂಬ ಧೈರ್ಯದಿಂದ ಹಾಕಿದೆ. ಭಾನುವಾರ ಬೆಳಿಗ್ಗೆ ಶುರು ಮಾಡಿದ್ದು ಅವ್ವ ಮಧ್ಯಾಹ್ನದ ರೊಟ್ಟಿ ಬಡಿಯುವ ಹೊತ್ತಿಗೆ ಮುಗಿಯಿತು. ಕಂಪ್ಯೂಟರು ಎದ್ದು ಕೂತಿತು.

ಸಿಡಿಯಲ್ಲಿ ಒಂದು ಆಟವಿತ್ತು. ಹಿಮದ ಗುಡ್ಡದ ಮೇಲಿಂದ ಒಂದು ಪುಟ್ಟ ಕರಡಿ ಹಲಗೆಯ ಮೇಲೆ ನಿಂತು ಜಾರುತ್ತ, ಗಿಡಗಳನ್ನು ತಪ್ಪಿಸಿ, ಮೀನು ಆರಿಸಿಕೊಂಡು ಕೆಳಗೆ ಮುಟ್ಟಬೇಕು. ಆದರೆ ನನ್ನ ಕರಡಿ ಜಾರುತ್ತಿರಲಿಲ್ಲ. ಫೋಟೋ ಆಲ್ಬಮ್ ತಿರುವಿದ ಹಾಗೆ ಒಂದು ಕಡೆ ನಿಂತು, ಸ್ವಲ್ಪ ತಡೆದು, ಇನ್ನೊಂದು ಕಡೆ ಕಾಣಿಸಿಕೊಳ್ಳುತ್ತಿತ್ತು. ನಡುವೆ ಎಲ್ಲಿಯೋ ಗಿಡಕ್ಕೆ ಡಿಕ್ಕಿ ಹೊಡೆದಿರುತ್ತಿತ್ತು.

ಇಂಥ ತೊಂದರೆಗಳನ್ನು ಕೇಳಲು ಇಂಟರ್ನೆಟ್ಟಿನಲ್ಲಿ ಒಂದು ವೇದಿಕೆ ಇದೆ ಎಂದು ಅದೇ ಮಾಸಿಕದಲ್ಲಿ ಬರೆದಿದ್ದರು. ಮನೆಯ ಫೋನಿನ ತಂತಿಯನ್ನೇ ಕಂಪ್ಯೂಟರಿಗೆ ಸಿಕ್ಕಿಸಿ, ಅದು ಕೀರಲು ದನಿಯಲ್ಲಿ ಅರಚಿದ ಮೇಲೆ ನೆಟ್ ಬರುತ್ತಿದ್ದ ಕಾಲ. ನಾನು ರಜೆ ಅರ್ಜಿ ಬರೆದಂತೆ 'ರೆಸ್ಪೆಕ್ಟೆಡ್ ಸರ್' ಎಂದು ಶುರುಮಾಡಿ, ಕರಡಿಯ ಕಷ್ಟವನ್ನು ನನ್ನ ಮುರುಕು ಇಂಗ್ಲಿಷಿನಲ್ಲಿ ತೋಡಿಕೊಂಡೆ. ಮರುದಿನ ಸಂಜೆ ನೋಡಿದರೆ ಉತ್ತರ ಬಂದಿತ್ತು: 'ಡಿಯರ್ ಸರ್, ನಿಮ್ಮ ಯಂತ್ರದ ಚಿತ್ರ ಮೂಡಿಸುವ ಕಾರ್ಡಿಗೆ ಸರಿಯಾದ ಡ್ರೈವರ್ ಇಲ್ಲ.' ಕೆಳಗೆ ಹನ್ನೊಂದು ಸಾಲಿನ ಆಜ್ಞೆಗಳು. ಅವನ್ನು ಪಾಠದ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡು ಒಂದೊಂದಾಗಿ ಬಡಿದೆ. ಏಳನೆಯ ಸಾಲಿನಲ್ಲಿ ಒಂದು ಚುಕ್ಕಿ ಬಿಟ್ಟದ್ದಕ್ಕೆ ಮತ್ತೆ ಎರಡು ದಿನ ಪತ್ರ ನಡೆಯಿತು. ಆ ಮನುಷ್ಯನಿಗೆ ಬೇಸರವೇ ಇರಲಿಲ್ಲ. ಬುಧವಾರ ಸಂಜೆ ಕರಡಿ ಸರ್ರನೆ ಜಾರಿತು, ನಾನು ಕೂಗಿದ ಕೂಗಿಗೆ ಅವ್ವ ಲಟ್ಟಣಿಗೆ ಹಿಡಿದುಕೊಂಡೇ ಓಡಿ ಬಂದಳು.

ಆ ಶನಿವಾರ ಮಧ್ಯಾಹ್ನ ಚಾಚಾ ಬಂದರು. ಪಕ್ಕದ ಓಣಿಯಲ್ಲಿ ಅವರದು ತಗಡಿನ ಕೆಲಸದ ಅಂಗಡಿ. ಟ್ರಂಕು, ಜೋಳದ ಡಬ್ಬಿ, ಕೊಳವಿ ಮಾಡುತ್ತಿದ್ದರು. ಮದುವೆಯ ಕಾಲ ಬಂದರೆ ಕೆಂಪು ಕೋಟು ತೊಟ್ಟು ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುತ್ತಿದ್ದರು. ನಾನು ಲಂಗ ಹಾಕಿಕೊಂಡು ಓಡಾಡುವ ಕಾಲದಿಂದ ನನ್ನನ್ನು 'ಬೇಟಿ' ಎಂದು ಕರೆಯುತ್ತಿದ್ದವರು. ನಮ್ಮ ಜೋಳದ ಡಬ್ಬಿಗೆ ಹೊಸ ಮುಚ್ಚಳ ತಂದಿದ್ದರು. ಅದನ್ನು ಕೂಡಿಸುವುದು ಬಿಟ್ಟು ನನ್ನ ಹಿಂದೆ ನಿಂತು ಪರದೆ ನೋಡತೊಡಗಿದರು.

"ಗುಡ್ಡದ ಮ್ಯಾಲ ಇದೇನ ಹತ್ತಿ ಹಾಸ್ಯಾರೇನ ಬೇಟಿ?"

"ಹತ್ತಿ ಅಲ್ರಿ ಚಾಚಾ, ಬರ್ಫ."

"ಇಷ್ಟು ಬರ್ಫ!" ಪರದೆಯತ್ತ ಬಗ್ಗಿ, "ಮತ್ತ ಬಾಜಾ ಇಲ್ಲೇನು? ಅಷ್ಟು ಛಂದ ಇಳ್ಯಾಕ್ಹತ್ತೈತಿ ಪಾಪ, ಬಾಜಾ ಇಲ್ಲದ ಮದುಮಗ ಹೊಂಟಂಗ ಕಾಣಸ್ತೈತಿ" ಎಂದರು.

ನಿಜವಾಗಿಯೂ ಆ ಆಟಕ್ಕೆ ಸಂಗೀತವಿರಲಿಲ್ಲ. ಬರೀ ಹಲಗೆ ಹಿಮಕ್ಕೆ ಉಜ್ಜುವ ಸದ್ದು. ಮಾಡಿದವರು ಅದನ್ನು ಆಟದ ಪುಟದಲ್ಲೇ ಒಪ್ಪಿಕೊಂಡಿದ್ದರು: ಎರಡು ನಿಮಿಷದ ಸಂಗೀತ ಬೇಕು, ಯಾರಾದರೂ ಮಾಡಿಕೊಡಿ, ಆದರೆ ಸ್ವಂತದ್ದಾಗಿರಬೇಕು, ಸಿನಿಮಾದ್ದು, ಕ್ಯಾಸೆಟ್ಟಿನದು ಬೇಡ, ಎಲ್ಲರೂ ಬಳಸಲು ಬಿಟ್ಟುಕೊಡಬೇಕು. ನಾನು ಅದನ್ನು ಚಾಚಾಗೆ ಕನ್ನಡದಲ್ಲಿ ಹೇಳಿದೆ. "ನಾ ಬಾರಸ್ತೀನಿ" ಎಂದು ತಟ್ಟನೆ ಅಂದವರು, 'ಸ್ವಂತದ್ದು' ಎಂಬ ಮಾತು ಬಂದಾಗ ತಡೆದರು.

"ಸ್ವಂತದ್ದ ಅಂದ್ರ?"

"ನೀವೇ ಕಟ್ಟಿದ್ದು. ಬ್ಯಾರೆ ಯಾರದೂ ಅಲ್ಲ."

ಅವರು ಮುಚ್ಚಳವನ್ನು ಡಬ್ಬಿಗೆ ಕೂಡಿಸಿ ಎರಡು ಸಲ ಬಡಿದು ನೋಡಿದರು. "ನಾಲ್ವತ್ತು ವರ್ಷ ಆತು ಬಾರ್ಸಾಕ್ಹತ್ತಿ" ಎಂದರು. "ಮಂದಿ ಯಾವ್ದು ಕೇಳತಾರ ಅದನ್ನ ಬಾರ್ಸೀನಿ. ನಿಂದೊಂದು ಬಾರ್ಸು ಅಂತ ಯಾರೂ ಕೇಳಿಲ್ಲವಾ." ಹಾಗೇ ಎದ್ದು ಹೋದರು. ಬೇಸರ ಮಾಡಿಕೊಂಡರೇನೋ ಎಂದು ನನಗೆ ಕಸಿವಿಸಿಯಾಯಿತು.

ಎಂಟು ದಿನ ಅವರ ಸುದ್ದಿಯಿಲ್ಲ. ಬಸ್ಸಿಗೆ ಹೋಗುವಾಗ ಅಂಗಡಿಯ ಮುಂದೆ ಹಾದರೆ, ತಗಡು ಕತ್ತರಿಸುತ್ತ ಏನನ್ನೋ ಗುನುಗುವುದು ಕೇಳಿಸುತ್ತಿತ್ತು. ಮುಂದಿನ ಭಾನುವಾರ ಬೆಳಿಗ್ಗೆ ಕ್ಲಾರಿನೆಟ್ಟನ್ನು ಹಸಿರು ಬಟ್ಟೆಯಲ್ಲಿ ಸುತ್ತಿಕೊಂಡು ಬಂದು, ಚಹಾ ಕೂಡ ಬೇಡವೆಂದು, ನಡುಮನೆಯಲ್ಲಿ ನಿಂತು ನುಡಿಸಿದರು. ಮೊದಲು ಏರು ಹತ್ತಿದ ಹಾಗೆ ನಿಧಾನ, ಒಂದೊಂದೇ ಸ್ವರ. ತುದಿಯಲ್ಲಿ ಒಂದು ಉಸಿರು ನಿಂತು, ಆಮೇಲೆ ಒಮ್ಮೆಲೇ ಇಳಿಜಾರು. ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತುಬಿಟ್ಟಿದ್ದಳು. "ಯಾವ ಪಿಚ್ಚರಿಂದೂ ಅಲ್ಲ ಹೌದಿಲ್ಲೋ, ನೋಡವಾ ಛಲೋತ್ನಾಗ" ಎಂದು ಚಾಚಾ ಅಳುಕಿನಿಂದ ಕೇಳಿದರು. ನಾನು ಹುಡುಗಿಯಾಗಿದ್ದಾಗ ಆರು ವರ್ಷ ಹಾರ್ಮೋನಿಯಂ ಕಲಿತವಳು. ಅಂಥದ್ದನ್ನು ಎಲ್ಲೂ ಕೇಳಿರಲಿಲ್ಲ.

ಹಳೆಯ ಟೇಪ್ ರೆಕಾರ್ಡರಿನ ಮೈಕನ್ನು ಬಟ್ಟೆ ಒಣಹಾಕುವ ಹಗ್ಗದಿಂದ ಇಳಿಬಿಟ್ಟು ಕಂಪ್ಯೂಟರಿಗೆ ಜೋಡಿಸಿದೆ. ಕ್ಲಾರಿನೆಟ್ ಸರಿಯಾಗಿ ಮುದ್ರಣವಾಯಿತು. ಇನ್ನು ತಾಳ ಬೇಕು. ಬ್ಯಾಂಡಿನಲ್ಲಿ ಹಲಗಿ ಬಾರಿಸುವವರು ಸುಗ್ಗಿಯ ಕೆಲಸಕ್ಕೆ ಹೋಗಿದ್ದರು. ಚಾಚಾ ನಮ್ಮ ಜೋಳದ ಡಬ್ಬಿಯನ್ನೇ ಮಗುಚಿ ಹಾಕಿ, ಒಂದು ಕೈಯಲ್ಲಿ ಮರದ ಕೊಡತಿ, ಇನ್ನೊಂದರಲ್ಲಿ ಬೆರಳು, ಹೀಗೆ ಬಡಿಯುತ್ತೇನೆ ಎಂದರು. ಕಿವಿಗೆ ಇಯರ್‌ಫೋನ್ ಹಾಕಿಕೊಂಡು ತಮ್ಮದೇ ಕ್ಲಾರಿನೆಟ್ಟನ್ನು ಕೇಳುತ್ತ ಬಡಿದರು. ಆದರೆ ಎರಡನ್ನೂ ಕೂಡಿಸಿ ಕೇಳಿದರೆ ಡಬ್ಬಿ ಪ್ರತಿ ಸಲ ತುಸು ಹಿಂದೆ ಬೀಳುತ್ತಿತ್ತು. ಕುಂಟಿದ ಹಾಗೆ.

"ಚಾಚಾ, ಸ್ವಲ್ಪ ಲಗೂ ಹೊಡೀರಿ. ಹಿಂದ ಬೀಳಾಕ್ಹತ್ತೀರಿ."

ಮತ್ತೆ ಬಡಿದರು. ಮತ್ತೆ ಹಾಗೆಯೇ. ಮೂರನೆಯ ಸಲವೂ ನಾನು ಅದನ್ನೇ ಅಂದೆ, ತರಗತಿಯಲ್ಲಿ ಲೆಕ್ಕ ತಪ್ಪಿದವರಿಗೆ ಅನ್ನುವ ದನಿಯಲ್ಲಿ. ಚಾಚಾ ಕೊಡತಿ ಕೆಳಗಿಟ್ಟರು.

"ತಾಳ ತಪ್ಪಿದಾಂವ ಅಂತ ಇವತ್ತಿನ ತನಕಾ ಒಬ್ಬರೂ ಅಂದಿಲ್ಲ. ನಿಮ್ಮ ಕಂಪ್ಯೂಟರ ಡಬ್ಬಿ ಅಂತೈತಿ ನೋಡ್ರಿ ಅಕ್ಕೋರ."

ಬೇಟಿ ಹೋಗಿ ಅಕ್ಕೋರು ಆಗಿದ್ದೆ. ಶಾಲೆಯ ಶಿಕ್ಷಕಿಗೆ ಊರೆಲ್ಲ ಅನ್ನುವ ಮಾತು ಅದು, ಗೌರವದ್ದೇ. ಅವರ ಬಾಯಲ್ಲಿ ಅಂದು ಅದು ಬಾಗಿಲು ಹಾಕಿಕೊಂಡಂತೆ ಕೇಳಿಸಿತು. ಅವರು ಹೋದ ಮೇಲೆ ಅವ್ವ, "ಹಿರೇ ಮನಷ್ಯಾಗ ಹಂಗ ಅನ್ನೂದೇನ? ಆ ಡಬ್ಬಿಗೆ ಕಿವಿ ಐತೋ ಅವರಿಗೆ ಐತೋ?" ಎಂದು ಬಯ್ದಳು. ಬಯ್ಗುಳದಲ್ಲಿ ಒಂದು ಪ್ರಶ್ನೆಯಿದೆ ಎಂದು ನನಗೆ ಹೊಳೆದದ್ದು ಸಂಜೆಗೆ.

ಮತ್ತೆ ವೇದಿಕೆಯ ಮೊರೆಹೊಕ್ಕೆ. ಈ ಸಲ ಬರೀ ತೊಂದರೆ ಬರೆಯದೆ, ಮನಸ್ಸು ತಡೆಯದೆ ಎಲ್ಲವನ್ನೂ ಬರೆದೆ: ನಮ್ಮದು ಗಜೇಂದ್ರಗಡವೆಂಬ ಊರು, ನೀವು ಯಾರೂ ಕೇಳಿರಲಿಕ್ಕಿಲ್ಲ, ಇಲ್ಲೊಬ್ಬ ಹಿರಿಯ ಕಲಾವಿದರು ನನ್ನಿಂದ ನೊಂದುಕೊಂಡಿದ್ದಾರೆ, ತಪ್ಪು ಅವರದೋ ಯಂತ್ರದ್ದೋ ದಯವಿಟ್ಟು ತಿಳಿಸಿ. ಮರುದಿನ ಅದೇ 'ಡಿಯರ್ ಸರ್' ಬರುತ್ತದೆ ಎಂದುಕೊಂಡು ತೆರೆದರೆ, ಬರೆದವರು ಅವರೇ, ಆದರೆ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ!

'ಗಜೇಂದ್ರಗಡ ಅಂದ್ರ ನಮ್ಮ ರೋಣದ ಆಚಿ ಗಜೇಂದ್ರಗಡ ಏನ್ರಿ ಸರ? ನಾನು ನರಗುಂದದಾಕಿ. ಮೊದಲ ಹೋಗಿ ನಿಮ್ಮ ಚಾಚಾಗ ಹೇಳ್ರಿ, ತಪ್ಪು ಅವರದಲ್ಲ, ಯಂತ್ರದ್ದು.'

ನಾನು ಎರಡು ಸಲ ಓದಿದೆ. ಎರಡು ವಾರದಿಂದ ಜಗತ್ತಿನ ಯಾವ ಮೂಲೆಯಲ್ಲೋ ಇದ್ದಾನೆ ಎಂದುಕೊಂಡಿದ್ದ ಆ ತಾಳ್ಮೆಯ ಮನುಷ್ಯ ನರಗುಂದದಲ್ಲಿದ್ದ. ಅಷ್ಟೇ ಅಲ್ಲ, ಆತ ಆಕೆಯಾಗಿದ್ದಳು. ಇಂಗ್ಲಿಷಿನಲ್ಲಿ ಅಷ್ಟು ಪತ್ರ ಬರೆದರೂ ತಿಳಿಯದ್ದು ಕನ್ನಡದ ಒಂದು 'ಆಕಿ'ಯಲ್ಲಿ ತಿಳಿಯಿತು. ನಾನು ನಗುತ್ತ ಉತ್ತರ ಬರೆದೆ: 'ನಾನೂ ಸರ ಅಲ್ರಿ. ಸೂಡಿ ಸಾಲಿ ಅಕ್ಕೋರು.'

ಆಕೆ ಹೇಳಿದ ಪರೀಕ್ಷೆ ಸರಳವಾಗಿತ್ತು. ಕಂಪ್ಯೂಟರಿನಿಂದಲೇ ಒಂದು 'ಟಕ್' ಸದ್ದು ಬರಿಸಿ, ಸ್ಪೀಕರಿನ ಬಾಯಿಗೆ ಮೈಕ್ ಹಿಡಿದು ಅದನ್ನೇ ಮುದ್ರಿಸಬೇಕು. ಹೊರಟ ಟಕ್ಕಿಗೂ ಮುದ್ರಣವಾದ ಟಕ್ಕಿಗೂ ನಡುವೆ ಎಷ್ಟು ಅಂತರ ಬರುತ್ತದೋ ಅಷ್ಟು ಯಂತ್ರದ ಸೋಮಾರಿತನ. ಮಾಡಿ ನೋಡಿದೆ. ಕಾಲು ಸೆಕೆಂಡಿಗೂ ಹೆಚ್ಚು. ಚಾಚಾ ಬಡಿದದ್ದು ಸರಿಯಾಗಿಯೇ ಇತ್ತು, ಯಂತ್ರ ಅದನ್ನು ತಡಮಾಡಿ ಬರೆದುಕೊಂಡಿತ್ತು.

ಮರುದಿನ ಶಾಲೆಯಿಂದ ಬಂದವಳೇ, ಪತ್ರವನ್ನು ಕಾಗದದ ಮೇಲೆ ಬರೆದುಕೊಂಡು ಚಾಚಾನ ಅಂಗಡಿಗೆ ಹೋದೆ. ಅವರು ತಲೆಯೆತ್ತದೆ ಕೊಳವಿಗೆ ಬೆಸುಗೆ ಹಾಕುತ್ತಿದ್ದರು. ನಾನು ನಿಂತೇ ಓದಿದೆ. ಮುಗಿದ ಮೇಲೆ ಕೇಳಿದರು:

"ಅಂದ್ರ ಕಂಪ್ಯೂಟರ ಡಬ್ಬಿ ಹಿಂದ ಬಿತ್ತು, ನಾ ಅಲ್ಲ?"

"ಡಬ್ಬೀನೇ ಬಿತ್ರಿ ಚಾಚಾ. ನಂದು ತಪ್ಪಾತು, ಅನಬಾರದಿತ್ತು."

"ಮತ್ತೊಮ್ಮೆ ಓದು. ಜೋರಾಗಿ ಓದು." ಎದುರಿನ ಚಹಾದಂಗಡಿಯಲ್ಲಿ ನಾಲ್ಕೈದು ಜನ ಕೂತಿದ್ದರು, ಅವರಲ್ಲಿ ಇಬ್ಬರು ಬ್ಯಾಂಡಿನವರು. ನಾನು ಧ್ವಜಾರೋಹಣದ ದಿನ ಭಾಷಣ ಮಾಡುವ ದನಿಯಲ್ಲಿ ಓದಿದೆ. 'ತಪ್ಪು ಅವರದಲ್ಲ, ಯಂತ್ರದ್ದು' ಎಂಬಲ್ಲಿ ಚಹಾದಂಗಡಿಯವನು ಚಪ್ಪಾಳೆ ತಟ್ಟಿದ. ಚಾಚಾ ಎದ್ದು ಕೈ ಒರೆಸಿಕೊಂಡು, "ಬೇಟಿಗೆ ಒಂದು ಚಾ ಕೊಡೋ" ಎಂದರು.

ತಡವನ್ನು ಅಳೆದು ಸರಿಪಡಿಸುವುದನ್ನು ನರಗುಂದದಾಕೆ ಪತ್ರದಲ್ಲಿ ಕಲಿಸಬಹುದಿತ್ತು. ಆದರೆ ನಮ್ಮ ಮನೆಯಲ್ಲಿ ಇನ್ನೊಂದು ತೊಂದರೆಯಿತ್ತು. ನುಡಿಸಿದಾಗಲೆಲ್ಲ ಬಸ್ಸಿನ ಹಾರ್ನು, ಕೋಳಿ, ಗೋಡೆಯ ಮಾರ್ದನಿ ಎಲ್ಲವೂ ಒಳಗೆ ಬರುತ್ತಿದ್ದವು. ಆಕೆ ಬರೆದಳು: ನಮ್ಮ ಮನೆಯವರದು ಹತ್ತಿ ವ್ಯಾಪಾರ, ಹಿಂದಿನ ಖೋಲಿಯಲ್ಲಿ ಮಾಳಿಗೆ ಮುಟ್ಟುವಷ್ಟು ಹತ್ತಿ ಅಂಡಿಗೆಗಳು, ದೊಡ್ಡ ದೊಡ್ಡ ಮೂಟೆಗಳು, ಇವೆ, ಒಳಗೆ ಕೆಮ್ಮಿದರೂ ಹೊರಗೆ ಕೇಳಿಸುವುದಿಲ್ಲ, ನನ್ನ ಕಂಪ್ಯೂಟರಿಗೆ ಮೈಕಿನ ತೂತು ಕೆಟ್ಟಿದೆ, ನಿಮ್ಮದನ್ನೇ ತರ್ರಿ. ಚಾಚಾ ಇದನ್ನು ಕೇಳಿ ಎರಡು ದಿನದಲ್ಲಿ ಕಂಪ್ಯೂಟರಿನ ಪೆಟ್ಟಿಗೆಯ ಅಳತೆಗೆ ಸರಿಯಾಗಿ ಒಂದು ಟ್ರಂಕು ಮಾಡಿದರು. ಒಳಗೆ ಹಳೆಯ ಕೌದಿಯ ತುಂಡುಗಳನ್ನು ಅಂಟಿಸಿ, ಮೇಲೆ ನೀಲಿ ಬಣ್ಣ ಹಚ್ಚಿದ್ದರು.

ಭಾನುವಾರ ಬೆಳಿಗ್ಗೆ ಚಾಚಾ, ನಾನು, ಟ್ರಂಕು ಮತ್ತು ಜೋಳದ ಡಬ್ಬಿ ಹೊರಟೆವು. ರೋಣದಲ್ಲಿ ಬಸ್ಸು ಬದಲಿಸಬೇಕು. ಕಂಡಕ್ಟರು ಟ್ರಂಕಿಗೆ ಒಂದು ಬಡಿದು, "ಏನೈತ್ರಿ ಯಪ್ಪಾ ಇದರಾಗ?" ಎಂದ.

"ಕರಡಿ" ಎಂದರು ಚಾಚಾ, ನಗದೆ.

ನರಗುಂದದಲ್ಲಿ ಆಕೆ ಬಸ್‌ಸ್ಟ್ಯಾಂಡಿಗೆ ಬಂದು ನಿಂತಿದ್ದಳು. ನನಗಿಂತ ಎರಡು ಮೂರು ವರ್ಷ ಚಿಕ್ಕವಳು, ಸೆರಗು ಸಿಕ್ಕಿಸಿಕೊಂಡು, ಕೈಗೆ ಹಿಟ್ಟು ಮೆತ್ತಿದ್ದನ್ನು ಮರೆತು ಬಂದಿದ್ದಳು. ಇಬ್ಬರೂ ಒಂದು ಗಳಿಗೆ ಸಂಕೋಚದಿಂದ ನೋಡಿಕೊಂಡು, ಒಟ್ಟಿಗೇ "ನಮಸ್ಕಾರ್ರಿ ಸರ" ಎಂದು ನಕ್ಕೆವು. ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ಡಿಗ್ರಿ ಅರ್ಧ ಓದಿದಾಗ ಮದುವೆಯಾಗಿತ್ತಂತೆ. ಮಧ್ಯಾಹ್ನ ಅಂಗಡಿ ಬಾಗಿಲು ಹಾಕಿದ ಎರಡು ತಾಸು, ಲೆಕ್ಕ ಬರೆಯಲು ತಂದಿದ್ದ ಕಂಪ್ಯೂಟರಿನ ಮುಂದೆ ಕೂತು ಕಾಣದವರಿಗೆಲ್ಲ ಉತ್ತರ ಬರೆಯುತ್ತಿದ್ದಳು. ಯಾಕೆ ಎಂದು ಕೇಳಿದೆ. "ಕಲ್ತದ್ದು ಮರತ ಹೊಕ್ಕೈತಂತ ಅಂಜಿಕಿ ಇತ್ರಿ. ಅಲ್ಲಿ ದಿನಾ ಯಾರೋ ಒಬ್ರು ಹೊಸಾ ತೊಂದ್ರಿ ತರ್ತಾರ. ಬಗೀಹರಿಸಿದ್ರ ಪರೀಕ್ಷೆ ಪಾಸಾದಂಗ ಆಕ್ಕೈತಿ" ಎಂದಳು.

ಆಕೆಯ ಅತ್ತೆ ಮೊದಲು ಮುಖ ಗಂಟಿಕ್ಕಿಕೊಂಡೇ ಇದ್ದರು. ಹತ್ತಿಯ ಖೋಲಿಯ ಬಾಗಿಲು ಹಾಕುವ ಮೊದಲು ಚಾಚಾ ಅಂಗಳದಲ್ಲಿ ನಿಂತು ಕ್ಲಾರಿನೆಟ್ ಹದ ನೋಡಿದ್ದೇ ತಡ, ಪಕ್ಕದ ಮನೆಯವರು ಬಂದು "ಮದಿವಿ ಯಾರ್ದರಿ?" ಎಂದರು. ಆಮೇಲೆ ಇನ್ನಿಬ್ಬರು. ಅತ್ತೆಯವರಿಗೆ ತಾವು ಕರೆಯದೆ ನೆರೆದ ಮಂದಿಯನ್ನು ನೋಡಿ ಒಳಗೊಳಗೇ ಹಿಗ್ಗಾಯಿತು ಎಂದು ಕಾಣುತ್ತದೆ, "ನಮ್ಮ ಸೊಸಿ ಕಂಪ್ಯೂಟರಿಂದು ಏನೋ ಮಾಡಾಕ್ಹತ್ಯಾಳ, ಪರದೇಶಕ್ಕ ಹೊಕ್ಕೈತಂತ" ಎಂದು ಬಂದವರಿಗೆಲ್ಲ ಹೇಳಿ ಅವಲಕ್ಕಿ ಕಲಸಲು ಹೋದರು.

ಅಂಡಿಗೆಗಳ ನಡುವೆ ಸದ್ದು ಎಷ್ಟು ಸ್ವಚ್ಛವಾಗಿ ಬಂತೆಂದರೆ ಚಾಚಾನ ಉಸಿರೂ ಕೇಳುತ್ತಿತ್ತು. ಆಕೆ ತಡವನ್ನು ಅಳೆದು, ಡಬ್ಬಿಯ ಸದ್ದನ್ನು ಅಷ್ಟೇ ಮುಂದೆ ಸರಿಸಿದಳು. ಇಯರ್‌ಫೋನ್ ಕಿತ್ತು ಸ್ಪೀಕರಿಗೆ ಹಾಕಿ, "ಕೇಳ್ರಿ ಚಾಚಾ" ಎಂದಳು. ಕ್ಲಾರಿನೆಟ್ಟು ಏರು ಹತ್ತಿತು, ತುದಿಯಲ್ಲಿ ನಿಂತಿತು, ಇಳಿಯುವಾಗ ಡಬ್ಬಿ ಅದರ ಹೆಜ್ಜೆಗೆ ಹೆಜ್ಜೆ ಇಟ್ಟು ಓಡಿತು. ಎಲ್ಲೂ ಕುಂಟಲಿಲ್ಲ. ಚಾಚಾ ಹತ್ತಿಯ ಮೇಲೆ ಕೂತು ಕಣ್ಣು ಮುಚ್ಚಿ ಕೇಳಿದರು.

"ಎರಡೂ ಕಡೆ ನಾನೇ ಅದೀನಲ್ಲ" ಎಂದರು ಮೆಲ್ಲಗೆ. "ಇಷ್ಟು ವರ್ಷ ನನಗ ಸರಿಯಾಗಿ ಡೋಲು ಬಾರ್ಸಾವ ಸಿಗಲಿಲ್ಲಂತ ಬೈತಿದ್ದೆ."

ಆ ಎರಡು ನಿಮಿಷದ ಸಂಗೀತವನ್ನು ನಮ್ಮ ಫೋನಿನ ತಂತಿಯಲ್ಲಿ ಕಳಿಸಲು ಒಂದು ಇಡೀ ಮುಂಜಾನೆ ಹಿಡಿಯಿತು. ಅಸೂಟಿ ಊರಿಗೆ ಮದುವೆ ಮಾಡಿಕೊಟ್ಟ ನನ್ನ ಅಕ್ಕ ಅವ್ವನಿಗೆ ಫೋನು ಮಾಡಿ ಮಾಡಿ, ಎಂಗೇಜೇ ಬರುತ್ತಿದ್ದುದಕ್ಕೆ ಗಾಬರಿಯಾಗಿ ಗಂಡನ ಮೋಟಾರ್ ಸೈಕಲ್ಲಿನ ಹಿಂದೆ ಕೂತು ಬಂದೇಬಿಟ್ಟಳು. ನಾವು ಕಂಪ್ಯೂಟರಿನ ಮುಂದೆ ಸುಮ್ಮನೆ ಕೂತು ಹನಿಹನಿಯಾಗಿ ಏರುವ ಪಟ್ಟಿಯನ್ನು ನೋಡುತ್ತಿದ್ದೆವು. ಅಕ್ಕ ಬಯ್ಯುತ್ತ ಬಯ್ಯುತ್ತ ತಾನೂ ಕೂತು ನೋಡಿದಳು.

ಹದಿನೈದು ದಿನದ ಮೇಲೆ ಆಟ ಮಾಡಿದವರು ಉತ್ತರಿಸಿದರು. ತುಂಬ ಇಷ್ಟವಾಗಿದೆ; ಒಂದೇ ತೊಂದರೆ, ರಾಗ ಕೊನೆಯಲ್ಲಿ ಮುಗಿದುಬಿಡುತ್ತದೆ, ಆಟ ಮುಗಿಯುವವರೆಗೂ ಅದು ಸುತ್ತಿ ಸುತ್ತಿ ಬರುತ್ತಿರಬೇಕು; ಮತ್ತೆ, ಆ ತಾಳವಾದ್ಯ ಯಾವುದು? ನಾನು 'ಜೋಳ ತುಂಬಿಡುವ ತಗಡಿನ ಡಬ್ಬಿ' ಎಂದು ಬರೆದೆ. ಕೊನೆಯ ಸ್ವರವನ್ನು ಕತ್ತರಿಸಿ ಮೊದಲಿನದಕ್ಕೆ ಹೊಲಿಯುವ ಕೆಲಸವನ್ನು ನಾನೇ ಮಾಡಿದೆ. ಅದಕ್ಕೆ ಒಂದು ವಾರದ ಸಂಜೆಗಳು ಹೋದವು. ಹೊಸ ಆವೃತ್ತಿ ಬಂದಾಗ ವೇದಿಕೆಯಲ್ಲಿ ಒಬ್ಬ, ಸಂಗೀತ ಕೇಳುತ್ತ ಕೂತು ನನ್ನ ಕರಡಿ ಗಿಡಕ್ಕೆ ಬಡಿಯಿತು ಎಂದು ಬರೆದ. ಇನ್ನೊಬ್ಬ, ಡಬ್ಬಿಯ ಸದ್ದು ಅತಿಯಾಯಿತು ಎಂದ. ಎರಡನ್ನೂ ಚಾಚಾಗೆ ಓದಿ ಹೇಳಿದೆ. "ಡಬ್ಬಿ ಅಂದ ಮ್ಯಾಲ ಸಪ್ಪಳ ಆಗೂದು. ಅಂವಗ ಹಂಗ ಬರೀ" ಎಂದರು.

ಆ ಬೇಸಿಗೆ ಲಕ್ಕಲಕಟ್ಟಿಯ ಒಂದು ಮದುವೆಯಲ್ಲಿ, ದಿಬ್ಬಣ ಓಣಿಯ ತಿರುವಿಗೆ ಬಂದಾಗ, ಚಾಚಾ ಸಿನಿಮಾ ಹಾಡು ನಿಲ್ಲಿಸಿ ಅದನ್ನೇ ನುಡಿಸಿದರಂತೆ. ಹಲಗಿಯವರಿಗೂ ಕಲಿಸಿದ್ದರು. ಕುಣಿಯುವವರು ಏರಿನ ಭಾಗದಲ್ಲಿ ಏನು ಮಾಡಬೇಕೆಂದು ತಿಳಿಯದೆ ನಿಂತು, ಇಳಿಜಾರು ಬಂದಾಗ ಮೈಮರೆತು ಕುಣಿದರಂತೆ. ನಾನು ಅಲ್ಲಿರಲಿಲ್ಲ, ಬ್ಯಾಂಡಿನವರು ಚಹಾದಂಗಡಿಯಲ್ಲಿ ಹೇಳಿದ್ದು. ಮುಂದೆ ಅವರ ಬ್ಯಾಂಡಿನಲ್ಲಿ ಅದಕ್ಕೆ 'ಕರಡಿ' ಎಂದೇ ಹೆಸರಾಯಿತು. "ಈಗ ಕರಡಿ ಹಚ್ರಿ" ಎಂದು ಜನ ಕೇಳುವುದನ್ನು ನಾನೇ ಒಂದು ಸಲ ಗಜೇಂದ್ರಗಡದ ಬಜಾರಿನಲ್ಲಿ ಕೇಳಿದೆ.

ನರಗುಂದದ ಗೆಳತಿಯೊಂದಿಗೆ ಆಮೇಲೂ ಪತ್ರ ನಡೆಯಿತು. ವೇದಿಕೆಯಲ್ಲಿ ಕನ್ನಡ ಅಕ್ಷರ ಮೂಡಿಸುವುದು ಹೇಗೆ ಎಂಬುದನ್ನು ಇಬ್ಬರೂ ಕೂಡಿ ಕಲಿತೆವು. ಒಂದು ಮಧ್ಯಾಹ್ನ, ಶಾಲೆಗೆ ರಜೆಯಿದ್ದ ದಿನ, ಫೋನು ರಿಂಗಾಯಿತು. ಆಕೆಯೆಂದುಕೊಂಡು ಎತ್ತಿದರೆ ಆಕೆಯ ಅತ್ತೆ. ಸೊಸೆ ತವರಿಗೆ ಹೋಗಿದ್ದಾಳೆ, ಮನೆಯಲ್ಲಿ ಯಾರೂ ಇಲ್ಲ ಎಂದು ದನಿ ತಗ್ಗಿಸಿ ಹೇಳಿದರು.

"ಅಕ್ಕೋರ, ಎರಡು ಗುಡ್ಡ ಇಳಿಸೀನ್ರಿ. ಮೂರನೇದ್ರಾಗ ಹಳ್ಳ ಬರ್ತೈತಲ್ಲ, ಅಲ್ಲಿ ಕರಡಿ ಹಾರವಲ್ದು. ಏನ್ ಒತ್ತಬೇಕ್ರಿ?"

"ಹಳ್ಳ ಬರೂಕಿಂತ ಮೊದಲ ಬಾಣದ ಕೀಲಿ ಬಿಟ್ಟುಬಿಡ್ರಿ, ಆಮ್ಯಾಲ ಉದ್ದನ್ನ ಕೀಲಿ ಒತ್ರಿ" ಎಂದೆ.

"ತಡೀರಿ, ಹಿಡಕೊಂಡಿರ್ರಿ" ಎಂದರು. ಫೋನನ್ನು ಮೇಜಿನ ಮೇಲೆ ಇಟ್ಟ ಸದ್ದಾಯಿತು. ನಾನು ಹಿಡಿದುಕೊಂಡು ಕೂತೆ. ದೂರದಲ್ಲಿ ಕ್ಲಾರಿನೆಟ್ಟು ಏರುತ್ತಿತ್ತು.